ಹದಿನಾರು ಕೊಡ ಬಿಸಿನೀರು ಮುಗಿಸಿ ಬಿಸಿಯೇ ಇಲ್ಲವೆಂದು ಬರೆದ ಸಾಹೇಬರಿಗೆ

ಮೇಡ್ಲೇರಿ, ರಾಣೆಬೆನ್ನೂರು ತಾಲ್ಲೂಕು
೨೨ ಫೆಬ್ರುವರಿ ೨೦೦೭

ಶ್ರೀಮಾನ್ ವೀರೇಂದ್ರ ಸಾಹೇಬರು,
ಸಹಾಯಕ ನಿರ್ದೇಶಕರು,
ಶಾಖ-ವಿದ್ಯುತ್ ಜಂಟಿ ಉತ್ಪಾದನಾ ಪ್ರಚಾರ ಘಟಕ,
ಹಾವೇರಿ, ಇವರ ಸನ್ನಿಧಾನಕ್ಕೆ.

ಮಾನ್ಯರೇ,

ಮೇಡ್ಲೇರಿಯ ಹಿಟ್ಟಿನ ಗಿರಣಿಯ ಒಡತಿ ನಾಗರತ್ನಾ ಕೈಮುಗಿದು, ತಲೆಬಾಗಿ, ಸೆರಗು ಹೊದ್ದು ಮಾಡುವ ನಮಸ್ಕಾರಗಳು. ತಮ್ಮ ಕಣ್ಣಿನ ಉರಿ ಈ ಹೊತ್ತಿಗೆ ಇಳಿದಿರಬೇಕೆಂದೂ, ಬಿಳಿ ಅಂಗಿಯ ಮೇಲಿನ ಕೆಂಪು ಬಿಟ್ಟಿರಬೇಕೆಂದೂ ಹಾರೈಸುತ್ತೇನೆ. ಬಿಡದಿದ್ದರೂ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ಊರೂರಿನ ವ್ಯಾಪಾರಸ್ಥರು ಮುಗಿಬೀಳುವುದರಿಂದ ಆ ಅಂಗಿಯನ್ನು ತಾವು ಹೆಮ್ಮೆಯಿಂದಲೇ ತೊಟ್ಟು ತಿರುಗಬಹುದು. ಲಕೋಟೆಯಲ್ಲಿಟ್ಟು ಕಳಿಸಬೇಕಾದ ಪತ್ರವನ್ನು ಹೀಗೆ ಗಿರಣಿಯ ಬಾಗಿಲಿಗೆ ಅಂಟಿಸಿ, ಅದರ ನಕಲನ್ನು ತಮಗೆ ಕಳಿಸುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಆದೇಶ ಬಂದ ಮೇಲೆ ಆ ಬಾಗಿಲಿಗೆ ಬೇರೆ ಕೆಲಸವಿಲ್ಲ, ಊರಿನವರಿಗೂ ಅದನ್ನು ನಿಂತು ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ನಮ್ಮ ಗಿರಣಿಯ ವಿಷಯ ತಮಗೆ ತಿಳಿದೇ ಇದೆ, ಆದರೆ ತಮ್ಮ ವರದಿ ಓದಿದ ಮೇಲೆ ತಿಳಿದಿದೆಯೋ ಇಲ್ಲವೋ ಎಂಬ ಅನುಮಾನ ಬಂದದ್ದರಿಂದ ಇನ್ನೊಮ್ಮೆ ಹೇಳುತ್ತೇನೆ. ನಮ್ಮದು ಡೀಸೆಲ್ ಎಂಜಿನ್ನಿನ ಗಿರಣಿ. ಎಂಜಿನ್ನು ಒಂದು ಪಟ್ಟಿಯಿಂದ ಜೋಳ ಬೀಸುವ ಕಲ್ಲನ್ನೂ ಖಾರ ಕುಟ್ಟುವ ಯಂತ್ರವನ್ನೂ ತಿರುಗಿಸುತ್ತದೆ, ಇನ್ನೊಂದು ಪಟ್ಟಿಯಿಂದ ಸಣ್ಣದೊಂದು ಡೈನಮೋ ತಿರುಗಿಸಿ ಗಿರಣಿಗೂ ಪಕ್ಕದ ಹಾಲಿನ ಡೇರಿಗೂ ದೀಪ ಹಚ್ಚುತ್ತದೆ, ಹಾಲಿನಲ್ಲಿ ಎಷ್ಟು ಕೊಬ್ಬಿದೆ ಎಂದು ಅಳೆಯುವ ಡೇರಿಯ ಯಂತ್ರವನ್ನೂ ಓಡಿಸುತ್ತದೆ. ಓಡಿ ಓಡಿ ಎಂಜಿನ್ನು ಕಾಯುತ್ತದಲ್ಲ, ಅದನ್ನು ತಣಿಸಲು ಪಕ್ಕದಲ್ಲೊಂದು ಕಬ್ಬಿಣದ ತೊಟ್ಟಿಯಿದೆ. ತೊಟ್ಟಿಯ ತಣ್ಣೀರು ಕೆಳಗಿನ ಕೊಳವೆಯಿಂದ ಎಂಜಿನ್ನಿಗೆ ಹೋಗಿ, ಕಾದು, ಮೇಲಿನ ಕೊಳವೆಯಿಂದ ತಿರುಗಿ ತೊಟ್ಟಿಗೆ ಬರುತ್ತದೆ. ಆ ಬಿಸಿನೀರಿಗೆ ನಮ್ಮ ಮಾವನವರ ಕಾಲದಿಂದಲೂ ಒಂದು ನಲ್ಲಿ ಇದೆ, ನಲ್ಲಿಗೆ ಒಂದು ರಿವಾಜು ಇದೆ: ಒಂದು ಕೊಡ ಬಿಸಿನೀರು ಒಯ್ದವರು ಒಂದು ಕೊಡ ತಣ್ಣೀರು ತಂದು ತೊಟ್ಟಿಗೆ ಸುರಿದೇ ಹೋಗಬೇಕು. ಒಯ್ದವರಿಗೆ ಬಿಸಿನೀರಾಯಿತು, ಎಂಜಿನ್ನಿಗೆ ತಂಪಾಯಿತು. ಡೇರಿಯವರು ಹಾಲಿನ ಕ್ಯಾನು ತೊಳೆಯುವುದು ಈ ನೀರಿನಿಂದ, ಮುದುಕರು ಸೊಂಟಕ್ಕೆ ಹಾಕಿಕೊಳ್ಳುವುದು ಈ ನೀರನ್ನು, ಊರಿನ ಬಾಣಂತಿಯರಿಗೆಲ್ಲ ಮಂಗಳವ್ವ ಎರೆಯುವುದೂ ಈ ನೀರನ್ನೇ. ಇದಕ್ಕೊಂದು ಹೆಸರಿದೆ ಎಂದು ಮಾತ್ರ ನಮಗೆ ಗೊತ್ತಿರಲಿಲ್ಲ.

'ಜಂಟಿ ಉತ್ಪಾದನೆ' ಎಂಬ ಆ ಹೆಸರನ್ನು ನಮಗೆ ದಯಪಾಲಿಸಿದವರು ತಾವು. ಜನವರಿಯಲ್ಲಿ ರಾಣೆಬೆನ್ನೂರಿನ ಸಮುದಾಯ ಭವನದಲ್ಲಿ 'ಒಂದೇ ಇಂಧನ, ಎರಡು ಫಲ' ಎಂಬ ಬ್ಯಾನರಿನ ಕೆಳಗೆ ನಿಂತು ತಾವು ಮಾಡಿದ ಭಾಷಣ ನನಗೆ ಈಗಲೂ ಬಾಯಿಪಾಠವಿದೆ. ಬರೀ ವಿದ್ಯುತ್ತಿಗೆಂದು ಇಂಧನ ಸುಟ್ಟರೆ ಮೂರರಲ್ಲಿ ಎರಡು ಪಾಲು ಶಾಖವಾಗಿ ಆಕಾಶಕ್ಕೆ ಹೋಗುತ್ತದೆ, ದೂರದಲ್ಲಿ ಮಾಡಿ ತಂತಿಯಲ್ಲಿ ತಂದರೆ ದಾರಿಯಲ್ಲಿ ಇನ್ನಷ್ಟು ಸೋರುತ್ತದೆ, ಅದೇ ಬಳಸುವ ಜಾಗದಲ್ಲೇ ಉತ್ಪಾದಿಸಿ ಶಕ್ತಿಯನ್ನೂ ಶಾಖವನ್ನೂ ಎರಡನ್ನೂ ಹಿಡಿದರೆ ಹಾಕಿದ ಇಂಧನ ಸಾರ್ಥಕ ಎಂದಿರಿ. ಎಷ್ಟು ಖರೇ ಮಾತು. ಹಾಗೆನ್ನುತ್ತಿದ್ದಾಗಲೇ ಕರೆಂಟು ಹೋಗಿ, ಗೋಡೆಯ ಮೇಲಿನ ಚಿತ್ರ ಮಾಯವಾಗಿ, ತಾವು ಮೈಕಿಲ್ಲದೆಯೇ ಕೂಗಿ ಮುಗಿಸಿದ್ದು ನೋಡಿ ನನ್ನ ಕರುಳು ಚುರುಕ್ ಎಂದಿತು. ಅದಕ್ಕೇ ನಾನು ಎದ್ದು ನಿಂತು, "ನೀವು ಹೇಳಿದ್ದನ್ನ ನಮ್ಮ ಗಿರಣ್ಯಾಗ ಮೂವತ್ತು ವರ್ಷದಿಂದ ಮಾಡಾಕತ್ತೇವ್ರಿ ಸಾಹೇಬ್ರ, ಒಮ್ಮೆ ಬಂದು ನೋಡ್ರಿ" ಎಂದು ಕರೆದದ್ದು. ತಾವು ಜಿಲ್ಲೆಗೇ ಮಾದರಿಯಾದ ಘಟಕವೆಂದು ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತೇನೆಂದಿರಿ. ಪ್ರಮಾಣಪತ್ರಕ್ಕೆ ನಾನು ರಾಣೆಬೆನ್ನೂರಿನಿಂದಲೇ ಗಾಜಿನ ಕಟ್ಟು ತಂದೆ, ಅದು ಇವತ್ತಿಗೂ ಖಾಲಿ ತೂಗುತ್ತಿದೆ.

ಫೆಬ್ರುವರಿ ಆರನೇ ತಾರೀಖು ತಾವು ಬರುವ ದಿನ, ತಮಗೆ ಬಿಸಿ ಕಡಿಮೆ ಬೀಳಬಾರದೆಂದು ಬೆಳಗಿನಿಂದ ಎಂಜಿನ್ನಿಗೆ ಪುರುಸೊತ್ತು ಕೊಡಲಿಲ್ಲ. ಹೊರೆ ಹೆಚ್ಚಿದ್ದಷ್ಟೂ ಎಂಜಿನ್ನು ಚೆನ್ನಾಗಿ ಕಾಯುತ್ತದೆಂದು ಬ್ಯಾಡಗಿಯಲ್ಲಿರುವ ಅಳಿಯನಿಂದ ಒಂದು ಚೀಲ ಒಣಮೆಣಸಿನಕಾಯಿ ತರಿಸಿ ಖಾರದ ಯಂತ್ರಕ್ಕೆ ಹಾಕಿಸಿದೆ. ಯಾರೂ ಆ ದಿನ ನಲ್ಲಿ ತಿರುಗಿಸಕೂಡದೆಂದು ಊರಿಗೆಲ್ಲ ತಾಕೀತು ಮಾಡಿದೆ. ತಾವು ಹನ್ನೊಂದಕ್ಕೆ ಜೀಪಿನಿಂದ ಇಳಿಯುವ ಹೊತ್ತಿಗೆ ತೊಟ್ಟಿಯ ಮೈ ಮುಟ್ಟಿದರೆ ಕೈ ಹಿಂದೆ ಬರುತ್ತಿತ್ತು, ಇಪ್ಪತ್ತು ಕೊಡದ ತೊಟ್ಟಿ, ಇಪ್ಪತ್ತೂ ಕೊಡ ಕುದಿಯಲು ಒಂದು ಮೆಟ್ಟಿಲು ಕಡಿಮೆ. ಆ ಕ್ಷಣದಲ್ಲಿ ತಾವು ಚೀಲದಲ್ಲಿದ್ದ ಉಷ್ಣಮಾಪಕ ತೆಗೆದು ಅದ್ದಿದ್ದರೆ ಈ ಪತ್ರಕ್ಕೆ ಕಾರಣವೇ ಇರುತ್ತಿರಲಿಲ್ಲ.

ಆದರೆ ತಮ್ಮ ಜ್ಞಾನದಾಹ ದೊಡ್ಡದು. ಖಾರದ ಯಂತ್ರದ ಬಾಯಿಗೆ ಕಟ್ಟಿದ ಬಟ್ಟೆಯ ತೋಳು, ಖಾರಪುಡಿಯಿಂದ ಉಬ್ಬಿ ನಡುಗುತ್ತಿದ್ದದ್ದು, ತಮ್ಮ ಕಣ್ಣಿಗೆ ಬಿತ್ತು. "ಇದೇ ಏನು ಬಿಸಿಗಾಳಿ ಹೋಗುವ ಮಾರ್ಗ?" ಎಂದು ಕೇಳಿದಿರಿ. ನನ್ನ ಯಜಮಾನರಾದ ಮೈಲಾರೆಪ್ಪನವರು "ಅಲ್ರೀ, ಅದು" ಎನ್ನುವಷ್ಟರಲ್ಲಿ ತಾವು ತೋಳಿನ ತುದಿಯ ಗಂಟು ಎಳೆದೇ ಬಿಟ್ಟಿರಿ. ಮುಂದಿನದನ್ನು ವರ್ಣಿಸಿ ತಮ್ಮ ಮನಸ್ಸು ನೋಯಿಸಲಾರೆ. ಮೇಡ್ಲೇರಿಯಲ್ಲಿ ಹೋಳಿಹುಣ್ಣಿಮೆ ಈ ವರ್ಷ ಒಂದು ತಿಂಗಳು ಮೊದಲೇ ಆಯಿತು ಎಂದು ಜನ ಆಡಿಕೊಂಡರು, ಅವರ ಬಾಯಿ ನಾನು ಮುಚ್ಚಿಸಿದ್ದೇನೆ.

ಇಲ್ಲಿ ನಮ್ಮಿಂದ ಒಂದು ತಪ್ಪಾಯಿತು, ಒಪ್ಪುತ್ತೇನೆ. ಮನೆಗೆ ಬಂದವರು ಕಣ್ಣಲ್ಲಿ, ಮೂಗಲ್ಲಿ, ಕೊರಳಲ್ಲಿ ಖಾರ ತುಂಬಿಕೊಂಡು ಕುಣಿಯುತ್ತಿರುವಾಗ, ಸಾಹೇಬರೇ ಮೊದಲು ತೊಟ್ಟಿ ಅಳೆಯಿರಿ ಆಮೇಲೆ ಮೈ ತೊಳೆಯೋಣ ಎನ್ನುವಷ್ಟು ಬುದ್ಧಿ ನಮ್ಮ ಇಡೀ ಊರಿಗೆ ಸೇರಿ ಒಬ್ಬರಿಗೂ ಹೊಳೆಯಲಿಲ್ಲ. ಮಂಗಳವ್ವ ತಮ್ಮ ರಟ್ಟೆ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋದಳು. ಅವಳಿಗೆ ನಾಲ್ಕು ದಶಕದಿಂದ ಗೊತ್ತಿರುವುದು ಒಂದೇ ಸ್ನಾನ, ಅದು ಬಾಣಂತಿಯ ಸ್ನಾನ. "ಅಂಜಬ್ಯಾಡ್ರಿ ಸಾಹೇಬ್ರ, ಕಣ್ಣ ಮುಚ್ಚಿ ಕುಂದ್ರಿ, ಹಡೆದ ಹೆಣ್ಮಕ್ಕಳೂ ಇಷ್ಟು ಒದರೂದಿಲ್ಲ" ಎಂದು ಗದರಿಸುತ್ತ ಮೈಗೆಲ್ಲ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ತೊಟ್ಟಿಯಿಂದ ಹತ್ತು ಕೊಡ ಬಿಸಿನೀರು ತರಿಸಿ, ಹದ ನೋಡಿ ಬೆರಸಿ ತಂಬಿಗೆ ತಂಬಿಗೆ ಎರೆದಳು. ತಮ್ಮ ಅಂಗಿ, ಪ್ಯಾಂಟು ಒಗೆಯಲು ಎರಡು ಕೊಡ ಹೋಯಿತು. ಜೀಪಿನ ಚಾಲಕ ದಾದಾಪೀರ್, ತಮ್ಮ ಹಿಂದೆಯೇ ನಿಂತಿದ್ದ ಪುಣ್ಯಕ್ಕೆ ನಾಲ್ಕು ಕೊಡಕ್ಕೆ ಪಾತ್ರನಾದ. ಆಮೇಲೆ ತಮಗೆ ಲೋಬಾನದ ಹೊಗೆ ಹಿಡಿದು, ಕಿವಿಗೆ ಹತ್ತಿಯಿಟ್ಟು, ತಲೆಗೆ ಟವೆಲ್ಲು ಸುತ್ತಿ, ಮೈಲಾರೆಪ್ಪನವರ ಧೋತರ ಉಡಿಸಿ ಹೊರಸಿನ ಮೇಲೆ ಮಲಗಿಸಿದೆವು. ತಾವು ಎರಡು ತಾಸು ನಿದ್ದೆ ಮಾಡಿದಿರಿ. ತಮ್ಮ ನಿದ್ದೆ ಕೆಡಬಾರದೆಂದು ಎಂಜಿನ್ನು ನಿಲ್ಲಿಸಿದೆವು.

ಅಷ್ಟರಲ್ಲಿ ನೀರು ಹೊತ್ತ ಹೆಣ್ಣುಮಕ್ಕಳು ಸುಮ್ಮನಿರುತ್ತಾರೆಯೇ. ಹದಿನಾರು ಕೊಡ ಬಿಸಿ ಒಯ್ದವರು ರಿವಾಜಿನಂತೆ ಹದಿನಾರು ಕೊಡ ತಣ್ಣೀರು ತಂದು ತೊಟ್ಟಿಗೆ ಸುರಿದು, ಸಾಹೇಬರು ನೋಡುತ್ತಾರೆಂದು ತೊಟ್ಟಿಯ ಅಂಚನ್ನೂ ಒರೆಸಿಟ್ಟರು. ತಾವು ಎದ್ದಿರಿ, ಹಾಲು ಕುಡಿದಿರಿ, ಇನ್ನು ಕರ್ತವ್ಯ ಎಂದಿರಿ. ಧೋತರ ಎತ್ತಿ ಹಿಡಿದುಕೊಂಡು ತೊಟ್ಟಿಯಲ್ಲಿ ಉಷ್ಣಮಾಪಕ ಅದ್ದಿದಿರಿ: ಮೂವತ್ತಮೂರು ಡಿಗ್ರಿ. ಗಿರಣಿಯ ಹೊರಗೆ ನೆರಳಿನಲ್ಲಿ ಹಿಡಿದಿರಿ: ಮೂವತ್ತಮೂರು ಡಿಗ್ರಿ. ನಿಂತ ಎಂಜಿನ್ನಿನ ಡೈನಮೋಗೆ ಮೀಟರು ಹಚ್ಚಿದಿರಿ: ಸೊನ್ನೆ. ನಾನು "ಬಿಸಿ ಎಲ್ಲಾ ನಿಮ್ಮ ಮೈಮ್ಯಾಲೇ ಐತ್ರಿ, ಅಲ್ಲೇ ಅಳೀರಿ" ಎಂದೆ. ಕಿವಿಯಲ್ಲಿ ಹತ್ತಿಯಿದ್ದದ್ದರಿಂದ ತಮಗೆ ಕೇಳಿಸಿರಲಿಕ್ಕಿಲ್ಲ.

ಹನ್ನೊಂದು ದಿನಕ್ಕೆ ವರದಿ ಬಂತು, ಸರ್ಕಾರಿ ಕೆಲಸ ಇಷ್ಟು ಲಗೂ ಆದದ್ದನ್ನು ನಾನು ನನ್ನ ಜೀವಮಾನದಲ್ಲಿ ಕಂಡಿಲ್ಲ. ಅದರಲ್ಲಿದ್ದದ್ದು ಇಷ್ಟು: ಸದರಿ ಸ್ಥಳದಲ್ಲಿ ಬಳಕೆಗೆ ಯೋಗ್ಯವಾದ ಶಾಖ ಕಂಡುಬಂದಿಲ್ಲ. ವಿದ್ಯುತ್ ಕಂಡುಬಂದಿಲ್ಲ. ಶಾಖವೇ ಇಲ್ಲದ ನೀರನ್ನು ಬಿಸಿನೀರೆಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ಹಂಚುವುದು ದಾರಿತಪ್ಪಿಸುವ ಕೃತ್ಯವಾದ್ದರಿಂದ ವಿಚಾರಣೆ ಮುಗಿಯುವವರೆಗೆ ನಲ್ಲಿಗೂ ತೊಟ್ಟಿಯ ಮುಚ್ಚಳಕ್ಕೂ ಸೀಲು ಹಾಕತಕ್ಕದ್ದು, ಹಿಟ್ಟು ಬೀಸಲು ಅಡ್ಡಿಯಿಲ್ಲ. ವರದಿಯ ಜೊತೆಗೇ ತಮ್ಮ ಕಚೇರಿಯ ಜವಾನ ಕುತುಬುದ್ದೀನರು ಅರಗಿನ ಕಡ್ಡಿ, ಹಿತ್ತಾಳೆಯ ಮುದ್ರೆ, ಹುರಿಯ ಉಂಡೆ ಹಿಡಿದು ಬಸ್ಸಿನಲ್ಲಿ ಬಂದರು. ಪ್ರಚಾರ ಮಾಡುವ ಕಚೇರಿಗೆ ಸೀಲು ಹಾಕುವ ಅಧಿಕಾರ ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ ಆ ಸಜ್ಜನರು ತಲೆ ಕೆರೆದುಕೊಂಡು, "ಸೀಲು ಆಫೀಸಿನ್ಯಾಗ ಬಂದು ನಾಕ್ ವರ್ಷ ಆತ್ರಿ ಅಕ್ಕಾರ, ಇನ್ನೂ ಒಮ್ಮೆನೂ ಹಾಕಿದ್ದಿಲ್ಲ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಚಹಾ ಕುಡಿಸಿಯೇ ಕಳಿಸಿದ್ದೇನೆ.

ಸಿಟ್ಟು ಇರುವುದು ಬೇರೆ ಕಡೆ, ಅದನ್ನು ಸಕ್ಕರೆ ಸವರದೆ ಹೇಳುತ್ತೇನೆ. ಅದೇ ದಿನ, ಅರಗು ಆರುವ ಮುಂಚೆ, ರಾಣೆಬೆನ್ನೂರಿನ ಆಸ್ಪತ್ರೆಯಿಂದ ನನ್ನ ಮಗಳು ಪುಷ್ಪಲತಾ ಐದು ದಿನದ ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಚೊಚ್ಚಲ ಹೆರಿಗೆ, ಹೆಣ್ಣು ಕೂಸು, ಅಂಗೈಯಗಲದ್ದು. ಅವಳಿಗೆಂದು ಮಂಗಳವ್ವ ಬೆಳಗಿನಿಂದ ಎಣ್ಣೆ ಕಾಯಿಸಿಟ್ಟು ಕಾದಿದ್ದಳು. ನಲ್ಲಿಗೆ ಹುರಿ, ಮುಚ್ಚಳಕ್ಕೆ ಹುರಿ. ಮುಚ್ಚಳ ತೆರೆದು ತಣ್ಣೀರು ಸುರಿಯಲು ಬರದಿದ್ದರೆ ಎಂಜಿನ್ನು ಕಾದು ಬಿಗಿಹಿಡಿದು ಕೆಡುತ್ತದೆಂದು ಹೆದರಿ ಮೈಲಾರೆಪ್ಪನವರು ಗಿರಣಿಯನ್ನೇ ನಿಲ್ಲಿಸಿದರು. ಹೀಗೆ ಹಿಟ್ಟು ನಿಂತಿತು, ಡೇರಿಯ ದೀಪ ನಿಂತಿತು. ಊರ ಜನ ಜೋಳ ಹೊತ್ತು ಬೇರೆ ಊರಿಗೆ ಹೋಗುತ್ತಿದ್ದಾರೆ. ಇಲ್ಲದ ಶಾಖಕ್ಕೆ ಬೀಗ ಹಾಕಿದ್ದರಿಂದ ಇದ್ದದ್ದೆಲ್ಲ ನಿಂತದ್ದು ಹೇಗೆ ಎಂಬುದನ್ನು ತಾವು ಮುಂದಿನ ಭಾಷಣದಲ್ಲಿ ವಿವರಿಸಬೇಕು.

ಐದು ದಿನದಿಂದ ಹಿತ್ತಲಿನ ಒಲೆಯಲ್ಲಿ ಹತ್ತಿಕಟ್ಟಿಗೆ ಉರಿಸುತ್ತಿದ್ದೇನೆ. ಭರ್ರನೆ ಉರಿದು ಆರುವ ಕಟ್ಟಿಗೆ ಅದು, ಮೂರು ತಾಸು ಊದಿದರೆ ಎರಡು ಕೊಡ ಉಗುರುಬೆಚ್ಚಗಾಗುತ್ತದೆ, ನನ್ನ ಕಣ್ಣು ತಮ್ಮ ಅವತ್ತಿನ ಕಣ್ಣಿನಂತಾಗುತ್ತದೆ. ಎರಡು ಕೊಡ ನೋಡಿ ಮಂಗಳವ್ವ, "ಇದರಾಗ ಕೂಸಿನ ಕಾಲಷ್ಟ ತೊಯ್ತಾವು, ತಾಯಿಗೆ ಏನು ನನ್ನ ಕಣ್ಣೀರು ಎರೀಲೇನು" ಎಂದು ಮುನಿಸಿಕೊಂಡು ಹೋಗುತ್ತಾಳೆ, ಮತ್ತೆ ಮರುದಿನ ಬರುತ್ತಾಳೆ. ಪುಷ್ಪಲತಾಳ ಸೊಂಟ ಹಿಡಿದಿದೆ, ಮಗು ಬೆಳಗಿನ ಥಂಡಿಗೆ ಸೀನುತ್ತದೆ. ಊರಲ್ಲಿ ಇನ್ನೂ ನಾಲ್ವರು ಬಾಣಂತಿಯರಿದ್ದಾರೆ. ಒಬ್ಬ ಸಾಹೇಬರಿಗೆ ಒಂದೇ ದಿನ ಹತ್ತು ಕೊಡ ಎರೆದ ಊರಿಗೆ ತನ್ನ ಮೊಮ್ಮಗಳಿಗೆ ಎರಡು ಕೊಡಕ್ಕಿಂತ ಹೆಚ್ಚು ಕಾಯಿಸುವ ಯೋಗ್ಯತೆಯಿಲ್ಲವಾಯಿತಲ್ಲ ಎಂದು ನನಗೆ ನಾಚಿಕೆಯಾಗುತ್ತದೆ, ಹೊಟ್ಟೆಯೂ ಉರಿಯುತ್ತದೆ. ಆ ಉರಿಯ ಮೇಲೆ ಹಂಡೆ ಇಡಲು ಬರುವಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಆದರೂ ತಮ್ಮ ಪಾಂಡಿತ್ಯದ ಮೇಲೆ ನನಗಿರುವ ಗೌರವ ಒಂದು ಡಿಗ್ರಿಯೂ ಇಳಿದಿಲ್ಲ. ಬಿಸಿನೀರಿನಲ್ಲಿ ಮಿಂದು, ಅದರ ಸುಖಕ್ಕೆ ನಿದ್ದೆ ಹೋಗಿ, ಎದ್ದು ಬಿಸಿಯೇ ಇಲ್ಲವೆಂದು ಸಹಿ ಮಾಡಲು ಎಷ್ಟು ನಿರ್ಲಿಪ್ತ ಮನಸ್ಸು ಬೇಕು. ಸಾಧುಸಂತರಿಗೂ ದೇಹದ ಮೇಲೆ ಇಷ್ಟು ಅನಾದರ ಇರಲಿಕ್ಕಿಲ್ಲ. ಆದ್ದರಿಂದ ಕೆಲವು ಸಣ್ಣ ಬೇಡಿಕೆಗಳನ್ನು ತಮ್ಮ ಪಾದದಲ್ಲಿಡುತ್ತೇನೆ. ತಾವು ಒಯ್ದ ಹತ್ತು ಕೊಡ ಶಾಖವನ್ನು ಯಾವ ಸ್ಥಿತಿಯಲ್ಲಿದ್ದರೂ ಸರಿ, ಟಪಾಲಿನಲ್ಲಿ ತಿರುಗಿ ಕಳಿಸಿಕೊಡಬೇಕು. ಅದಾಗದಿದ್ದರೆ, ನೀರು ತಣ್ಣಗಿರುವುದು ನಿಯಮದ ಪ್ರಕಾರವೇ ಎಂದು ಕಚೇರಿಯ ಮುದ್ರೆಯೊಂದಿಗೆ ಒಂದು ಪತ್ರ ಬರೆದು ನನ್ನ ಮೊಮ್ಮಗಳ ಹೆಸರಿಗೆ ಕಳಿಸಬೇಕು, ಅವಳಿಗಿನ್ನೂ ಹೆಸರಿಟ್ಟಿಲ್ಲ, ತೊಟ್ಟಿಲು ಎಂದು ಬರೆದರೆ ಮುಟ್ಟುತ್ತದೆ, ಓದಿ ಹೇಳಿದರೆ ಅಳು ನಿಲ್ಲಿಸಬಹುದು. ತಮ್ಮ ಘಟಕದ ಉಷ್ಣಮಾಪಕವನ್ನು ನಿವೃತ್ತಿಗೊಳಿಸಿ ಆ ಜಾಗಕ್ಕೆ ಮಂಗಳವ್ವನ ಮೊಣಕೈಯನ್ನು ನೇಮಿಸಬೇಕು. ನೀರಿಗೆ ಮೊಣಕೈ ಅದ್ದಿ ಇದು ತಾಯಿಗೆ, ಇದು ಕೂಸಿಗೆ, ಇದು ಮುದುಕರಿಗೆ ಎಂದು ಹೇಳುವ ಆ ಮೊಣಕೈ ನಾಲ್ಕು ದಶಕದಲ್ಲಿ ಒಮ್ಮೆಯೂ ತಪ್ಪಿಲ್ಲ, ಮುಖ್ಯವಾಗಿ ಅದನ್ನು ಸ್ನಾನಕ್ಕೆ ಮೊದಲೇ ಅದ್ದುತ್ತಾರೆ.

ಇನ್ನೊಂದು ಮಾತು, ಇದು ಅಣಕವಲ್ಲ. ತಾವು ರಾಣೆಬೆನ್ನೂರಿನಲ್ಲಿ ಹೇಳಿದ್ದು ಸರಿ, ಅದನ್ನು ಇನ್ನೂ ಹತ್ತು ಊರಲ್ಲಿ ಹೇಳಿರಿ. ಬ್ಯಾಡಗಿಯಲ್ಲಿ ಅಳಿಯ ಕೆಲಸ ಮಾಡುವ ಗೋದಾಮಿನಲ್ಲಿ ಕರೆಂಟು ಹೋದಾಗಲೆಲ್ಲ ಜನರೇಟರು ಹಚ್ಚುತ್ತಾರೆ, ಅದರ ಬಿಸಿಗಾಳಿ ಹಿಂದಿನ ಗೋಡೆಗೆ ಬಡಿದು ಹಾಳಾಗುತ್ತದೆ, ಗೋಡೆಯ ಈಚೆ ಹಸಿ ಹಿಡಿದ ಮೆಣಸಿನಕಾಯಿ ಬಿಸಿಲಿಗಾಗಿ ಕಾಯುತ್ತ ಬಿದ್ದಿರುತ್ತದೆ. ನಡುವೆ ಒಂದು ತಗಡಿನ ಕೊಳವೆ ಹಾಕಿಸುವಂತೆ ಹೇಳುವವರಿಲ್ಲ. ಖಾನಾವಳಿಗಳು, ಡೇರಿಗಳು, ಆಸ್ಪತ್ರೆಗಳು, ಎಲ್ಲೆಲ್ಲಿ ಎಂಜಿನ್ನು ಕೂಗುತ್ತದೋ ಅಲ್ಲಿ ಯಾರಿಗೋ ಬೇಕಾದ ಬಿಸಿ ಆಕಾಶಕ್ಕೆ ಹೋಗುತ್ತಿದೆ. ಕುಮಾರಪಟ್ಟಣದ ಕಾರ್ಖಾನೆಯಂಥ ದೊಡ್ಡ ದೊಡ್ಡ ಕೊಳವೆಗಳೇ ಬೇಕೆಂದಿಲ್ಲ, ಒಂದು ತೊಟ್ಟಿ, ಒಂದು ನಲ್ಲಿ ಸಾಕೆಂದು ತೋರಿಸಲು ತಮಗೆ ನಮ್ಮ ಗಿರಣಿಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಸೀಲು ತೆಗೆಸಿರಿ, ಬಂದು ಮತ್ತೆ ಅಳೆಯಿರಿ. ಈ ಸಲ ಬಟ್ಟೆಯ ತೋಳಿನ ಬಳಿ ಇಬ್ಬರು ಗಟ್ಟಿಗರನ್ನು ನಿಲ್ಲಿಸಿರುತ್ತೇವೆ.

ಕೈಯಲ್ಲಿ ಊದುಗೊಳವೆ ಹಿಡಿದು ಒಲೆಯ ಮುಂದೆ ಕುಳಿತು, ಹೊಗೆಯ ಸಂದಿಯಲ್ಲಿ ತಮ್ಮ ದಾರಿ ನೋಡುತ್ತಿರುವ,

ತಮ್ಮ ವಿಶ್ವಾಸಿ,
ನಾಗರತ್ನಾ ಮೈಲಾರೆಪ್ಪ

ಮರೆತ ಮಾತು, ಭಾನುವಾರ ಸಂಜೆ: ತಮಗೆ ಕಳಿಸಬೇಕಿದ್ದ ನಕಲು ಟಪಾಲಿಗೆ ಹಾಕದೆ ಮನೆಯಲ್ಲೇ ಉಳಿದದ್ದು ಒಳ್ಳೆಯದೇ ಆಯಿತು, ಇಂದಿನ ಸಮಾಚಾರವನ್ನೂ ಸೇರಿಸಲು ಜಾಗ ಸಿಕ್ಕಿತು. ಊರಲ್ಲಿ ಹಿಟ್ಟು ತೀರಿದ್ದರಿಂದ, ಬೀಸಲು ಅಡ್ಡಿಯಿಲ್ಲ ಎಂಬ ತಮ್ಮದೇ ಆದೇಶವನ್ನು ಯಜಮಾನರಿಗೆ ಮೂರು ಸಲ ಓದಿ ಹೇಳಿ ಧೈರ್ಯ ತುಂಬಿ, ಇಂದು ಬೆಳಿಗ್ಗೆ ಎಂಜಿನ್ನು ಹಚ್ಚಿಸಿದೆ. ನಲ್ಲಿಗೆ ಯಾರೂ ಕೈ ಹಚ್ಚಲಿಲ್ಲ, ಮುಚ್ಚಳ ಯಾರೂ ತೆರೆಯಲಿಲ್ಲ. ತಣ್ಣೀರು ಸುರಿಯುವವರಿಲ್ಲದೆ ತೊಟ್ಟಿ ಎಂದೂ ಕಾಯದಷ್ಟು ಕಾಯಿತು. ಎರಡು ತಾಸಾಗುವ ಹೊತ್ತಿಗೆ ಮಂಗಳವ್ವ, "ಅಯ್ಯ, ಸರ್ಕಾರ ಸೋರಾಕತ್ತೈತಿ ನೋಡ್ರೆ" ಎಂದು ಕರೆದಳು. ನಲ್ಲಿಯ ಕಬ್ಬಿಣದ ಮೇಲೆ ಕುತುಬುದ್ದೀನರು ಒತ್ತಿದ್ದ ಅರಗು ಮೆತ್ತಗಾಗಿ, ಮುದ್ರೆಯ ಅಕ್ಷರ ಅಳಿಸಿ, ತೊಟ್ಟಿಯ ಮೈಮೇಲೆ ಇಳಿದು ನೆಲಕ್ಕೆ ಬಿತ್ತು, ಹುರಿ ತಾನಾಗಿ ಬಿಚ್ಚಿಕೊಂಡಿತು, ಮುಚ್ಚಳದ ಸೀಲೂ ಅದೇ ದಾರಿ ಹಿಡಿಯಿತು. ಜೋಳ ಬೀಸಿಸಲು ಬಂದ ಇಪ್ಪತ್ತೆರಡು ಜನ ಕಣ್ಣಾರೆ ನೋಡಿದ್ದಾರೆ, ಸಹಿ ಬಂದವರ ಸಹಿ, ಬಾರದವರ ಹೆಬ್ಬೆಟ್ಟು ಹಿಂದಿನ ಪುಟದಲ್ಲಿದೆ, ಅರಗಿನ ಉಂಡೆಯನ್ನು ಇದರ ಜೊತೆಗೇ ಕಳಿಸಿದ್ದೇನೆ. ಸೀಲು ನಾವು ಒಡೆದೆವು ಎಂದು ತಾವು ಬರೆಯುವುದಾದರೆ ಕೈ ಮುಟ್ಟದೆ, ಚಾಕು ತಾಗದೆ ಅದು ಇಳಿದದ್ದು ಹೇಗೆಂದೂ ಬರೆಯಬೇಕು. ಬಿಸಿಗೆ ಕರಗಿತು ಎಂದು ಬರೆಯುವುದಾದರೆ ತಮ್ಮ ಹಳೆಯ ವರದಿಯನ್ನು ತಾವೇ ತಿದ್ದಬೇಕು. ಎರಡರಲ್ಲಿ ಒಂದು ನಿರ್ಧಾರವಾಗುವವರೆಗೆ ನಲ್ಲಿ ತೆರೆದಿರುತ್ತದೆ. ಪುಷ್ಪಲತಾಳಿಗೆ ಹತ್ತು ಕೊಡ, ಕೂಸಿಗೆ ಒಂದು ಕೊಡ ಇಂದು ಮಧ್ಯಾಹ್ನವೇ ಆಯಿತು. ವಿಚಾರಣೆಗೆ ತಾವು ಅವಶ್ಯವಾಗಿ ಬರಬೇಕು, ಆದರೆ ಜೀಪನ್ನು ಓಣಿಯ ಆಚೆಯೇ ನಿಲ್ಲಿಸಿ, ಹಾರ್ನು ಹೊಡೆಯದೆ ನಡೆದು ಬನ್ನಿರಿ: ಕೂಸು ಮಲಗಿದೆ.